ಹೊಳೆಯಾಚೆಯ ಹಳೇ ರಸ್ತೆ: ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಬೆಟ್ಟಗಳ ನಡುವಿನ ಕಣಿವೆಯಲ್ಲಿ ವಾಹನಗಳ ಕಾಟವಿಲ್ಲದ ಡಾಂಬರು ರಸ್ತೆ ಹುಡುಕಿ ಸೈಕಲ್ ತುಳಿಯುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಅರ್ಥದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಕಣಿವೆಯ ಉದ್ದಕ್ಕೂ ಹೋಗಬೇಕೆಂದು ನಕ್ಷೆ ತೆರೆದರೆ ಹೆದ್ದಾರಿಯೊಂದೇ ಕಣ್ಣಿಗೆ ಬೀಳುತ್ತದೆ. ಲಾರಿ, ಬಸ್ಸು ಇಲ್ಲದ ದಾರಿಯನ್ನು ಪತ್ತೆ ಮಾಡುವುದು ಹೇಗೆ?

ಉತ್ತರ: ಮೊದಲು ಹೊಳೆಯ ಇನ್ನೊಂದು ದಡ ನೋಡಿ. ಹೆದ್ದಾರಿ ಸಾಮಾನ್ಯವಾಗಿ ಅಗಲ ಸಿಗುವ ಒಂದು ದಡವನ್ನು ಹಿಡಿದು, ಅಡ್ಡ ಬಂದದ್ದನ್ನು ಸೇತುವೆ, ಸುರಂಗಗಳಿಂದ ದಾಟಿಕೊಂಡು ನೇರವಾಗಿ ಸಾಗುತ್ತದೆ. ಅದಕ್ಕೂ ಮುಂಚೆ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ರಸ್ತೆ ಬಹುತೇಕ ಎಲ್ಲ ಕಣಿವೆಗಳಲ್ಲೂ ಉಳಿದಿರುತ್ತದೆ. ಅದು ಆಚೆ ದಡದಲ್ಲಿರಬಹುದು, ಇಲ್ಲವೇ ಹೆದ್ದಾರಿಗಿಂತ ಐವತ್ತು ನೂರು ಮೀಟರ್ ಮೇಲೆ, ನೆರೆ ನೀರು ಮುಟ್ಟದ ಎತ್ತರದಲ್ಲಿರಬಹುದು.

ಉಪಗ್ರಹ ಚಿತ್ರವನ್ನು ಹತ್ತಿರಕ್ಕೆ ಹಿಗ್ಗಿಸಿ, ರಸ್ತೆಯ ನಡುವೆ ಬಿಳಿ ಗೆರೆ ಇದೆಯೇ ನೋಡಿ. ಗೆರೆ ಇಲ್ಲದೆ, ಅಲ್ಲಲ್ಲಿ ಎದುರು ವಾಹನಕ್ಕೆ ಜಾಗ ಬಿಡಲು ಅಗಲ ಮಾಡಿದ್ದರೆ ಅದು ಒಂಟಿ ವಾಹನದ ರಸ್ತೆ. ನಿಮಗೆ ಬೇಕಾದದ್ದು ಅದೇ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಉಚಿತ ಅಂತರ್ಜಾಲ ನಕ್ಷೆ ನೋಡುವವರು 'ಟರ್ಶಿಯರಿ', 'ಅನ್‌ಕ್ಲಾಸಿಫೈಡ್' ಎಂದು ಗುರುತು ಹಾಕಿದ, ಊರೂರು ಸೇರಿಸುವ ಸಣ್ಣ ರಸ್ತೆಗಳಿಂದ ಶುರು ಮಾಡಲಿ. ರಸ್ತೆಯ ಮೇಲ್ಮೈ ಯಾವುದೆಂದು ನಮೂದಿಸಿಲ್ಲದಿದ್ದರೆ ಡಾಂಬರೇ ಇರುತ್ತದೆಂದು ನಂಬಬೇಡಿ.

ಆಮೇಲೆ ಕೇಳಿಕೊಳ್ಳಬೇಕಾದದ್ದು, ಈ ರಸ್ತೆ ಎಲ್ಲಿ ಮುಗಿಯುತ್ತದೆ ಎಂದು. ಎರಡೂ ತುದಿ ಹೆದ್ದಾರಿಗೇ ಸೇರುವಂತಿದ್ದರೆ, ಹೆದ್ದಾರಿ ಜಾಮ್ ಆದ ದಿನ ದಾರಿ ತೋರಿಸುವ ಆ್ಯಪ್‌ಗಳು ಕಾರುಗಳನ್ನೆಲ್ಲ ಇತ್ತ ತಿರುಗಿಸುತ್ತವೆ. ರಜೆ ಮುಗಿಸಿ ಜನ ಮರಳುವ ಸಂಜೆ ಇಂಥ ರಸ್ತೆಗೆ ಹೋಗಲೇಬಾರದು. ಪಕ್ಕದ ಕಣಿವೆಯೊಳಗೆ ಹೊಕ್ಕು ಅಲ್ಲೇ ಮುಗಿಯುವ ರಸ್ತೆ ಎಲ್ಲಕ್ಕಿಂತ ಶಾಂತ. ಆದರೆ ಆ ಕೊನೆಯಲ್ಲಿ ಜಲಾಶಯ, ಜಲಪಾತ ಅಥವಾ ರೋಪ್‌ವೇ ಇದ್ದರೆ ವಾರಾಂತ್ಯದಲ್ಲಿ ಲೆಕ್ಕ ತಲೆಕೆಳಗು. ಕಲ್ಲುಗಣಿ ಇದ್ದರೆ ವಾರದ ದಿನಗಳಲ್ಲಿ ಟಿಪ್ಪರ್‌ಗಳು, ರಜಾದಿನ ಮಾತ್ರ ನಿಶ್ಶಬ್ದ.

ಸೈಕಲ್ ಆ್ಯಪ್‌ಗಳ 'ಹೀಟ್‌ಮ್ಯಾಪ್'ನಲ್ಲಿ ಹೊಳೆಯುವ ಗೆರೆ ಶಾಂತ ರಸ್ತೆಯ ಗುರುತಲ್ಲ. ಅಲ್ಲಿ ತುಂಬಾ ಜನ ತುಳಿದಿದ್ದಾರೆ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ಬೇರೆ ದಾರಿಯೇ ಇಲ್ಲದ್ದರಿಂದ ತುಳಿದಿರಲೂಬಹುದು.

ಹೊರಡುವ ಮುಂಚೆ, ಹೆದ್ದಾರಿಯ ದಡಕ್ಕೆ ದಾಟಿಸುವ ಸೇತುವೆಗಳನ್ನು ಗುರುತು ಹಾಕಿಕೊಳ್ಳುವುದನ್ನು ಮರೆಯಬೇಡಿ. ಹಳೇ ರಸ್ತೆಯ ಮೇಲೆ ಗುಡ್ಡ ಕುಸಿದರೆ ತೆರವು ಮಾಡಲು ಯಾರಿಗೂ ಅವಸರವಿರುವುದಿಲ್ಲ. ಸೇತುವೆಗಳ ನಡುವೆ ಹನ್ನೆರಡು ಕಿ.ಮೀ. ಇದ್ದು, ಹನ್ನೊಂದನೆಯ ಕಿ.ಮೀ.ಯಲ್ಲಿ ದಾರಿ ಮುಚ್ಚಿದ್ದರೆ ಹನ್ನೊಂದನ್ನೂ ಹಿಂದಕ್ಕೆ ತುಳಿಯಬೇಕು.

ಪ್ರಶ್ನೆ: ಕಣಿವೆಯ ತಳದಲ್ಲೇ ಹೋಗುವ ರಸ್ತೆ, ಹಾಗಾಗಿ ಸಮತಟ್ಟು ಎಂದುಕೊಂಡಿದ್ದೆ. ಹೊಳೆ 400 ಮೀಟರ್ ಮಾತ್ರ ಇಳಿಯುವ ದೂರದಲ್ಲಿ ಆ್ಯಪ್ ನನಗೆ 1,100 ಮೀಟರ್ ಏರು ತೋರಿಸುತ್ತಿದೆ, ಒಂದು ಕಡೆ ಶೇ. 27ರ ಚಡಾವು ಬೇರೆ. ಆ್ಯಪ್ ತಪ್ಪೇ, ನಾನು ತಪ್ಪೇ?

ಉತ್ತರ: ಇಬ್ಬರೂ ಸ್ವಲ್ಪ ಸ್ವಲ್ಪ.

ನಿಮ್ಮ ತಪ್ಪು ಇದು: ಹಳೇ ರಸ್ತೆ ಹೊಳೆಯ ಮಟ್ಟವನ್ನು ಅನುಸರಿಸುವುದಿಲ್ಲ. ಪಕ್ಕದ ಪ್ರತಿ ಹಳ್ಳವೂ ಬೆಟ್ಟದಿಂದ ಕಲ್ಲು ಮಣ್ಣು ತಂದು, ದೊಡ್ಡ ಕಣಿವೆಗೆ ಸೇರುವಲ್ಲಿ ಬೀಸಣಿಗೆಯಂತೆ ಹರಡಿರುತ್ತದೆ. ನೆರೆಗೆ ಸಿಗದ ಎತ್ತರ, ಒಳ್ಳೆಯ ಮಣ್ಣು ಎಂದು ಹಳ್ಳಿಗಳು ಈ ದಿಬ್ಬಗಳ ಮೇಲೇ ಬೆಳೆದವು. ರಸ್ತೆಯೂ ಒಂದೊಂದನ್ನೂ ಹತ್ತಿ ಇಳಿಯುತ್ತದೆ. ಅರವತ್ತು ಮೀಟರಿನ ದಿಬ್ಬಗಳು ಎಂಟು ಬಂದರೆ 480 ಮೀಟರ್ ಏರಿದಂತಾಯಿತು, ಅದೂ ಇಳಿಯುವ ದಿಕ್ಕಿನಲ್ಲೇ. ಆಲ್ಪ್ಸ್‌ನ ವಿನ್ಷ್‌ಗಾವ್ ಕಣಿವೆಯ ಮಾಲ್ಸ್ ಬಳಿ ಇಂಥದ್ದೊಂದು ಬೀಸಣಿಗೆ ಎಷ್ಟು ದೊಡ್ಡದೆಂದರೆ, ಅದರ ಮೇಲೆ ನಿಂತವರಿಗೆ ದಿಬ್ಬದ ಮೇಲಿದ್ದೇವೆ ಎಂದೇ ಅನ್ನಿಸುವುದಿಲ್ಲ, ಕಣಿವೆಯೇ ಓರೆಯಾಗಿದೆ ಅನ್ನಿಸುತ್ತದೆ.

ಆ್ಯಪ್‌ನ ತಪ್ಪು: ಬಹಳಷ್ಟು ಆ್ಯಪ್‌ಗಳು ಬಳಸುವ ಎತ್ತರದ ಮಾಹಿತಿ ಸುಮಾರು 30 ಮೀಟರ್ ಚೌಕದ ಜಾಲರಿಯದು. ಕಿರಿದಾದ ಕಮರಿಯಲ್ಲಿ ರಸ್ತೆಯೂ ಅದರ ಪಕ್ಕದ ಬಂಡೆಗೋಡೆಯೂ ಒಂದೇ ಚೌಕದೊಳಗೆ ಬೀಳುತ್ತವೆ. ನಕ್ಷೆಯ ಗೆರೆ ಐದಾರು ಮೀಟರ್ ಅತ್ತಿತ್ತ ಸರಿದಿದ್ದರೂ ಸಾಕು, ನೀವು ಬಂಡೆ ಹತ್ತಿ ಇಳಿದಂತೆ ಲೆಕ್ಕವಾಗುತ್ತದೆ. ಸುರಂಗವಿದ್ದರೆ ಮೇಲಿನ ಬೆಟ್ಟವನ್ನೂ, ಸೇತುವೆಯಿದ್ದರೆ ಕೆಳಗಿನ ಹಳ್ಳವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೂರು ಮೀಟರಿಗಿಂತ ಕಡಿಮೆ ದೂರದಲ್ಲಿ ಸೂಜಿಯಂತೆ ಎದ್ದು ತಕ್ಷಣ ಬೀಳುವ ಚಡಾವು ಬಹುತೇಕ ಸುಳ್ಳು. ಅರ್ಧ ಕಿ.ಮೀ. ಉದ್ದಕ್ಕೂ ಏರುತ್ತಲೇ ಹೋದರೆ ನಿಜ ಎಂದೇ ತಿಳಿಯಿರಿ.

ಅನುಮಾನ ಬಂದ ಕಡೆ 1:50,000 ಪ್ರಮಾಣದ ಸ್ಥಳಾಕೃತಿ ನಕ್ಷೆ ತೆಗೆದು ಸಮೋನ್ನತಿ ರೇಖೆಗಳನ್ನು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು) ಎಣಿಸಿ. ರೇಖೆಗಳ ಅಂತರ 20 ಮೀಟರ್ ಇದ್ದಾಗ, ರಸ್ತೆಯು ಒಂದು ಸೆಂಟಿಮೀಟರಿಗೆ ಒಂದು ರೇಖೆ ದಾಟಿದರೆ ಶೇ. 4, ಐದು ಮಿಲಿಮೀಟರಿಗೆ ಒಂದಾದರೆ ಶೇ. 8, ಎರಡೂವರೆ ಮಿಲಿಮೀಟರಿಗೆ ಒಂದಾದರೆ ಶೇ. 16. ರಸ್ತೆಯನ್ನು ಕತ್ತರಿಸುವ ರೇಖೆಗಳನ್ನು ಮಾತ್ರ ಎಣಿಸಬೇಕು. ಪಕ್ಕದಲ್ಲಿ ಎಷ್ಟೇ ಒತ್ತಾಗಿ ಸಾಗಿದರೂ ಅವು ಬೆಟ್ಟದ ಲೆಕ್ಕ, ನಿಮ್ಮ ಕಾಲಿನದ್ದಲ್ಲ.

ಪ್ರಶ್ನೆ: ನನ್ನ ಸೈಕಲಿನ ಹಲ್ಲುಚಕ್ರಗಳಲ್ಲಿ ಹಲ್ಲಿನ ಲೆಕ್ಕ ಮುಂದೆ 50/34, ಹಿಂದೆ 11-28 ಇದೆ. ಶೇ. 8ರ ಏರಿನಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ. ನನ್ನ ಶಕ್ತಿ ಸಾಲದೋ, ಗೇರ್ ಸಾಲದೋ?

ಉತ್ತರ: ಗೇರ್. ಲೆಕ್ಕ ಹಾಕಿ ನೋಡಿ. 28 ಮಿ.ಮೀ. ಟೈರಿನ ಚಕ್ರದ ಸುತ್ತಳತೆ ಸುಮಾರು 2.14 ಮೀಟರ್. ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿದರೆ ವೇಗ ಗಂಟೆಗೆ 9.3 ಕಿ.ಮೀ. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಎಂದುಕೊಂಡರೆ ಶೇ. 8ರ ಏರಿನಲ್ಲಿ ಆ ವೇಗಕ್ಕೆ ಸುಮಾರು 190 ವ್ಯಾಟ್ ಬೇಕು. ಅಷ್ಟು ಕೊಡಲಾಗದಿದ್ದರೆ ಸುತ್ತು 50ಕ್ಕೆ, 45ಕ್ಕೆ ಇಳಿಯುತ್ತದೆ. ಪ್ರತಿ ತುಳಿತಕ್ಕೂ ಮೈಯೆಲ್ಲ ಹಾಕಬೇಕಾಗಿ ಮಂಡಿ, ಸೊಂಟ ಎರಡೂ ನೋಯುತ್ತವೆ. ಹಿಂದೆ 34 ಹಲ್ಲು ಹಾಕಿಸಿದರೆ ಅದೇ 60 ಸುತ್ತಿಗೆ 7.7 ಕಿ.ಮೀ. ವೇಗ, ಸುಮಾರು 160 ವ್ಯಾಟ್. ಏರು ಶೇ. 12 ಆದರೆ ಈ ಗೇರಿನಲ್ಲೂ 230 ವ್ಯಾಟ್ ಬೇಕು. ಹಳೇ ರಸ್ತೆಯ ದಿಬ್ಬಗಳಲ್ಲಿ ಇನ್ನೂರು ಮುನ್ನೂರು ಮೀಟರ್ ಉದ್ದದ ಶೇ. 12 ಅಪರೂಪವಲ್ಲ, ಅಲ್ಲಿ ಸುತ್ತು ಇಳಿದರೂ ಪರವಾಗಿಲ್ಲ, ಎದ್ದು ನಿಂತು ತುಳಿದು ದಾಟಿ.

ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಒಂದನ್ನೇ ಬದಲಿಸಿ ಹೊರಟವರು ದಾರಿಯಲ್ಲಿ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ, ಮುರಿದುಕೊಳ್ಳುತ್ತಾರೆ. ನಿಮ್ಮ ಹಿಂದಿನ ಡಿರೇಲರ್ ಗರಿಷ್ಠ ಎಷ್ಟು ಹಲ್ಲಿನದನ್ನು ತಾಳುತ್ತದೆಂದು ತಯಾರಕರ ವಿವರದಲ್ಲಿ ನೋಡಿ. ಹಲ್ಲು ಆರು ಹೆಚ್ಚಾದರೆ ಚೈನಿಗೆ ಮೂರು ಕೊಂಡಿಯಷ್ಟು ಉದ್ದ ಹೆಚ್ಚು ಬೇಕು. ಕೊಂಡಿಗಳು ಒಳ-ಹೊರ ಜೋಡಿಯಾಗಿಯೇ ಸೇರುವುದರಿಂದ ನಾಲ್ಕು ಸೇರಿಸಬೇಕು, ಅಂದರೆ ಹೊಸ ಚೈನ್ ಹಾಕುವುದೇ ಮೇಲು. ಚೈನ್ ಗಿಡ್ಡವಾಗಿ ಉಳಿದು, ಮುಂದಿನ ದೊಡ್ಡ ಹಲ್ಲುಚಕ್ರದಲ್ಲಿದ್ದಾಗ ಮರೆತು ಹಿಂದಿನ ದೊಡ್ಡ ಹಲ್ಲಿಗೆ ಏರಿಸಿದರೆ ಡಿರೇಲರ್ ಸೆಟೆದು, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಕಿತ್ತು ಬರುತ್ತದೆ. ಕೊನೆಗೆ ಡಿರೇಲರಿನ ಅಂತರ ಹೊಂದಿಸುವ ಬಿ-ಸ್ಕ್ರೂ ತಿರುಗಿಸಿ, ಅದರ ಮೇಲಿನ ಪುಟ್ಟ ಚಕ್ರಕ್ಕೂ ಅತಿ ದೊಡ್ಡ ಹಲ್ಲುಚಕ್ರಕ್ಕೂ ನಡುವೆ ಐದಾರು ಮಿ.ಮೀ. ಬಿಡಿ; ತಯಾರಕರು ಬೇರೆ ಅಳತೆ ಹೇಳಿದ್ದರೆ ಅದೇ ಸರಿ. ಅಂತರ ಕಡಿಮೆಯಾದರೆ ಎರಡೂ ಉಜ್ಜಿ ಗರಗರ ಸದ್ದು, ಹೆಚ್ಚಾದರೆ ಗೇರ್ ತಡವಾಗಿ ಬೀಳುತ್ತದೆ.

ಪ್ರಶ್ನೆ: ಇಳಿಯುವಾಗ ಬ್ರೇಕನ್ನು ಒತ್ತಿ ಹಿಡಿದೇ ಇರಬೇಡಿ ಎಂದು ಕಳೆದ ಸಲ ಬರೆದಿದ್ದಿರಿ. ನಾನು ಒಪ್ಪುವುದಿಲ್ಲ. ನಿಧಾನವಾಗಿ, ಒಂದೇ ವೇಗದಲ್ಲಿ ಇಳಿಯುವುದು ಕ್ಷೇಮವಲ್ಲವೇ?

ಉತ್ತರ: ಬೀಳದಿರುವುದಕ್ಕೆ ಕ್ಷೇಮ, ಬ್ರೇಕಿಗೆ ಅಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಅದೇ 85 ಕೆ.ಜಿ., ಅದೇ ಶೇ. 8, ಹತ್ತು ಕಿ.ಮೀ. ಇಳಿಜಾರು. ಬ್ರೇಕ್ ಮುಟ್ಟದೆ ಬಿಟ್ಟರೆ ಗಾಳಿಯ ತಡೆಯಿಂದಲೇ ವೇಗ ಗಂಟೆಗೆ 58 ಕಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. 40ರಲ್ಲಿ ಹಿಡಿದು ಇಳಿದರೆ ಹದಿನೈದು ನಿಮಿಷದಲ್ಲಿ ಬ್ರೇಕ್ ನುಂಗುವ ಶಾಖ ಸುಮಾರು 330 ಕಿಲೋಜೌಲ್. 20ರಲ್ಲಿ ಹಿಡಿದು ಇಳಿದರೆ ಅರ್ಧ ಗಂಟೆಯಲ್ಲಿ ಸುಮಾರು 550. ನಿಧಾನವಾದಷ್ಟೂ ಗಾಳಿ ತೆಗೆದುಕೊಳ್ಳುವ ಪಾಲು ಕಡಿಮೆಯಾಗಿ ಉಳಿದದ್ದೆಲ್ಲ ಬ್ರೇಕಿನ ತಲೆಗೆ ಬರುತ್ತದೆ. ಚಕ್ರಕ್ಕೆ ಬಡಿದು ತಣಿಸುವ ಗಾಳಿಯೂ ಆಗ ಕಡಿಮೆ.

ಹಾಗೆಂದು ಒಂಟಿ ವಾಹನದ ಕುರುಡು ತಿರುವುಗಳಲ್ಲಿ 40ರಲ್ಲಿ ಹೋಗಿ ಎಂದು ಯಾರೂ ಹೇಳುವುದಿಲ್ಲ. ಅಲ್ಲಿ ನಿಯಮ ಬೇರೆ: ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲಬೇಕು. ಇನ್ನರ್ಧ ಎದುರಿನಿಂದ ಬರುವವರದ್ದು. ಒಣ ರಸ್ತೆಯ ಇಳಿಜಾರಿನಲ್ಲಿ, ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡೂ ಸೇರಿ, 20 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 11 ಮೀಟರ್, 30ರಿಂದ 20 ಮೀಟರ್, 40ರಿಂದ 32 ಮೀಟರ್ ಬೇಕಾಗುತ್ತದೆ. ತಿರುವಿನಲ್ಲಿ 40 ಮೀಟರ್ ಕಂಡರೆ 30ಕ್ಕಿಂತ ಹೆಚ್ಚು ವೇಗ ಸಲ್ಲದು. ಒದ್ದೆಯಾಗಿದ್ದರೆ ಇನ್ನೂ ಇಳಿಸಿ.

ಎರಡನ್ನೂ ಹೊಂದಿಸುವ ಕ್ರಮ ಹೀಗೆ. ದೂರ ಕಾಣುವ ನೇರ ಭಾಗದಲ್ಲಿ ಬ್ರೇಕ್ ಪೂರ್ತಿ ಬಿಡಿ, ಗಾಳಿ ಕೆಲಸ ಮಾಡಲಿ. ತಿರುವಿಗೆ ಮುನ್ನ, ಸೈಕಲ್ ಇನ್ನೂ ನೆಟ್ಟಗಿರುವಾಗಲೇ, ಎರಡೂ ಬ್ರೇಕನ್ನು ಗಟ್ಟಿಯಾಗಿ ಒತ್ತಿ ವೇಗ ಇಳಿಸಿ. ತಿರುವಿಗೆ ವಾಲುತ್ತಾ ಬ್ರೇಕ್ ಬಿಡಿ. ಹೊರಗಿನ ಪೆಡಲ್ ಕೆಳಗೆ, ಮೈಭಾರ ಅದರ ಮೇಲೆ, ಕಣ್ಣು ತಿರುವು ಮುಗಿಯುವ ಕಡೆ. ಕೈಗಳು ಹ್ಯಾಂಡಲಿನ ಕೆಳಬಾಗಿದ ಭಾಗದಲ್ಲಿದ್ದರೆ ಅದೇ ಬೆರಳಿನ ಬಲಕ್ಕೆ ಬ್ರೇಕ್ ಹೆಚ್ಚು ಕಚ್ಚುತ್ತದೆ. ನೇರ ಭಾಗವೇ ಸಿಗದ ಇಳಿಜಾರಾದರೆ ಎರಡು ಮೂರು ಕಿ.ಮೀ.ಗೊಮ್ಮೆ ನಿಂತು ತಣಿಯಲು ಬಿಡಿ. ಭಾರದ ಸಾಮಾನು ಹೊತ್ತವರಿಗೆ ಇದು ಐಚ್ಛಿಕವಲ್ಲ.

ಕಾಯ್ದರೆ ಏನಾಗುತ್ತದೆ? ಚಕ್ರದ ಹೊರಬಳೆಯನ್ನೇ (ರಿಮ್) ಒತ್ತುವ ರಿಮ್ ಬ್ರೇಕಿನಲ್ಲಿ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಕಾರ್ಬನ್ ರಿಮ್ಮಿನ ಅಂಚೇ ಮೆತ್ತಗಾಗಿ ಉಬ್ಬುವುದುಂಟು. ಉದ್ದದ ಇಳಿಜಾರಿಗೆ ಅಲ್ಯುಮಿನಿಯಂ ರಿಮ್ ಒಯ್ಯಿರಿ. ಹೈಡ್ರಾಲಿಕ್ ಡಿಸ್ಕ್ ಬ್ರೇಕಿನಲ್ಲಿ ದ್ರವ ಕುದಿದು ಆವಿಯಾಗಿ, ಲಿವರ್ ಹ್ಯಾಂಡಲ್ ಮುಟ್ಟಿದರೂ ಬ್ರೇಕ್ ಹಿಡಿಯುವುದಿಲ್ಲ. ಇಂಥ ಕೆಲವು ಬ್ರೇಕುಗಳಲ್ಲಿ ಬಳಸುವ ಡಾಟ್ 4 ಎಂಬ ದರ್ಜೆಯ ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ; ನೀರು ಹೀರಿಕೊಂಡ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 155 ಮಾತ್ರ. ಹಾಗಾಗಿ ಹಳೆಯ ದ್ರವದಲ್ಲಿ ಬೆಟ್ಟ ಇಳಿಯಬೇಡಿ. ಮಿನರಲ್ ಆಯಿಲ್ ಬಳಸುವ ಬ್ರೇಕಿಗೆ ಡಾಟ್, ಡಾಟ್ ಬ್ರೇಕಿಗೆ ಆಯಿಲ್ ಹಾಕಿದರೆ ಸೀಲುಗಳು ಕೆಡುತ್ತವೆ. ಲಿವರ್ ಉದ್ದಕ್ಕೆ ಹೋಗತೊಡಗಿದರೆ ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ನಿಲ್ಲಿ. ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಸೊಟ್ಟಗಾಗುತ್ತದೆ. ಬೆರಳಿಂದ ಮುಟ್ಟಿ ನೋಡುವ ಚಪಲವೂ ಬೇಡ.

ಹೊರಡುವ ಮುಂಚೆ ಪ್ಯಾಡ್ ನೋಡಿ. ಡಿಸ್ಕ್ ಪ್ಯಾಡಿನ ಸವೆಯುವ ಪದರ ಒಂದು ಮಿ.ಮೀ.ಗೆ ಬಂದಿದ್ದರೆ ಬೆಟ್ಟಕ್ಕೆ ಹೊಸದು ಹಾಕಿಯೇ ಹೋಗಿ, ಒದ್ದೆ ಮಣ್ಣಿನಲ್ಲಿ ಅಷ್ಟು ಒಂದೇ ದಿನದಲ್ಲಿ ಮುಗಿಯಬಲ್ಲದು. ರಿಮ್ ಪ್ಯಾಡಿನಲ್ಲಿ ಹುದುಗಿರುವ ಕಲ್ಲಿನ ಚೂರು, ಲೋಹದ ಹೊಳಪಿನ ಕಣಗಳನ್ನು ಸೂಜಿಯಿಂದ ತೆಗೆಯಿರಿ. ಅವು ರಿಮ್ಮನ್ನು ಕೆರೆದು ತೆಳ್ಳಗೆ ಮಾಡುತ್ತವೆ.

ಪ್ರಶ್ನೆ: ಬೆಳಿಗ್ಗೆ ಕಣಿವೆಯಲ್ಲಿ ಮೇಲಕ್ಕೆ ಹೋಗಿ ಮಧ್ಯಾಹ್ನ ಇಳಿದು ಬಂದರೆ ಬರುವಾಗ ಸುಲಭವಾಗಬೇಕಿತ್ತು. ಇಳಿಯುವಾಗಲೇ ಎದುರು ಗಾಳಿಗೆ ಹೈರಾಣಾಗುತ್ತೇನೆ. ಯಾಕೆ?

ಉತ್ತರ: ಬಿಸಿಲೇರಿದ ಮೇಲೆ ಕಣಿವೆಯೊಳಗಿನ ಗಾಳಿ ಬಯಲಿನ ಗಾಳಿಗಿಂತ ಬೇಗ ಕಾಯುತ್ತದೆ, ಮೇಲೇಳುತ್ತದೆ. ಆ ಜಾಗ ತುಂಬಲು ಬಯಲಿನಿಂದ ಗಾಳಿ ಕಣಿವೆಯ ಮೇಲ್ಮುಖವಾಗಿ ನುಗ್ಗುತ್ತದೆ. ಶುಭ್ರ ಬೇಸಿಗೆಯ ದಿನ ಇದು ಹನ್ನೊಂದರ ಸುಮಾರಿಗೆ ಶುರುವಾಗಿ ಮಧ್ಯಾಹ್ನದ ನಂತರ ಜೋರಾಗುತ್ತದೆ. ರಾತ್ರಿ ತಣ್ಣಗಾದ ಗಾಳಿ ತಿರುಗಿ ಕೆಳಮುಖವಾಗಿ, ಮೆಲ್ಲಗೆ ಹರಿಯುತ್ತದೆ. ಕಣಿವೆ ಕಿರಿದಾದ ಕಡೆ ಎರಡೂ ಹೆಚ್ಚು ಬಿರುಸು.

ಸಮತಟ್ಟಿನಲ್ಲಿ ಗಂಟೆಗೆ 20 ಕಿ.ಮೀ. ತುಳಿಯಲು ನಿಶ್ಚಲ ಗಾಳಿಯಲ್ಲಿ ಸುಮಾರು 65 ವ್ಯಾಟ್ ಸಾಕು. ಎದುರಿನಿಂದ 20 ಕಿ.ಮೀ. ಗಾಳಿ ಬೀಸಿದರೆ 190ರ ಹತ್ತಿರ ಬೇಕು. ಶೇ. 8ರ ಏರಿಗೆ ಮೇಲಿನ ಪ್ರಶ್ನೆಯ 28 ಹಲ್ಲಿನ ಗೇರ್ ಕೇಳಿದ್ದೂ ಅಷ್ಟೇ. ಅಂದರೆ ಎದುರು ಗಾಳಿಯ ಬಯಲೂ ಒಂದು ಬೆಟ್ಟವೇ.

ಆದ್ದರಿಂದ ಆಯ್ಕೆಯಿದ್ದರೆ ಕಣಿವೆಯ ಮೇಲ್ತುದಿಯ ಊರಿನಿಂದ ಹೊರಡಿ: ಬೆಳಿಗ್ಗೆ ಇಳಿಯಿರಿ, ಮಧ್ಯಾಹ್ನ ಗಾಳಿ ಬೆನ್ನಿಗೆ ಬಂದಾಗ ಏರಿ ಬನ್ನಿ. ಕೆಳಗಿನಿಂದಲೇ ಹೊರಡಬೇಕಾದರೆ ಬೆಳಗಿನ ಜಾವವೇ ಏರಿ, ಹನ್ನೊಂದರೊಳಗೆ ತಿರುಗಿ. ಅದೂ ಆಗದಿದ್ದರೆ ಹೋಗುವಾಗ ಬಯಲಾದ ದಡ, ಬರುವಾಗ ಮರ, ಮನೆಗಳ ಮರೆಯಿರುವ ಹಳೇ ರಸ್ತೆ ಹಿಡಿಯಿರಿ. ಈ ನಿಯಮಕ್ಕೆ ಅಪವಾದಗಳಿವೆ. ಸ್ವಿಟ್ಜರ್ಲೆಂಡಿನ ಮೇಲಿನ ಎಂಗಾಡಿನ್ ಕಣಿವೆಯಲ್ಲಿ ಹಗಲಿನ ಮಾಲೋಯಾ ಗಾಳಿ ಕೆಳಮುಖವಾಗಿಯೇ ಬೀಸುತ್ತದೆ. ಅಲ್ಲಿನ ಸರೋವರಗಳಲ್ಲಿ ಹಾಯಿ ಹಲಗೆ ಓಡಿಸುವವರು ನಂಬಿಕೊಂಡಿರುವುದೇ ಅದನ್ನು. ಹೊಸ ಕಣಿವೆಗೆ ಹೋದಾಗ ಗಾಳಿಗೆ ಒಂದೇ ಕಡೆ ವಾಲಿ ಬೆಳೆದ ಮರಗಳನ್ನು ಗಮನಿಸಿ.

ಪ್ರಶ್ನೆ: ಒಟ್ಟು ಸಮಯದ ಅಂದಾಜು ಪ್ರತಿ ಸಲ ತಪ್ಪುತ್ತದೆ, ಕತ್ತಲಾಗಿಬಿಡುತ್ತದೆ.

ಉತ್ತರ: ಪ್ರತಿ 20 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಹಿಡಿಯಿರಿ. 70 ಕಿ.ಮೀ., 1,200 ಮೀಟರ್ ಏರು ಎಂದರೆ ಐದೂವರೆ ಗಂಟೆ, ನಿಲ್ಲುವ ಹೊತ್ತು ಬೇರೆ. ಇಳಿಜಾರಿನಲ್ಲಿ ಸಮಯ ಉಳಿಯುತ್ತದೆಂದು ಕಳೆಯಬೇಡಿ, ಕಿರಿದಾದ ರಸ್ತೆಯಲ್ಲಿ ಅಷ್ಟು ಉಳಿಯುವುದಿಲ್ಲ. ಕಣಿವೆಯಲ್ಲಿ ಸೂರ್ಯ ಮುಳುಗುವುದು ಪಂಚಾಂಗದ ಹೊತ್ತಿಗಲ್ಲ, ಬೆಟ್ಟದ ಹಿಂದೆ ಸರಿದಾಗ. ನೆರಳು ಬಿದ್ದರೆ ಚಳಿ ತಕ್ಷಣ.

ಪ್ರಶ್ನೆ: ಯಾವ ಟೈರ್, ಎಷ್ಟು ಗಾಳಿ? ಎತ್ತರಕ್ಕೆ ಹೋದಂತೆ ಗಾಳಿ ಬಿಡಬೇಕೇ?

ಉತ್ತರ: ಬಿಡಬೇಕಿಲ್ಲ. ಸಾವಿರ ಮೀಟರ್ ಏರಿದರೆ ಹೊರಗಿನ ವಾಯುಭಾರ ಕಡಿಮೆಯಾಗಿ ಟೈರಿನ ಒತ್ತಡ ಒಂದೂವರೆ ಪಿಎಸ್‌ಐ (ಪಂಪಿನ ಮೀಟರಿನಲ್ಲಿ ಕಾಣುವ ಒತ್ತಡದ ಅಳತೆ) ಹೆಚ್ಚಿದಂತೆ ಕಾಣಬಹುದು, ಚಳಿಗೆ ಅದೂ ಇಳಿಯುತ್ತದೆ. ಹಳೇ ರಸ್ತೆಗೆ 28 ಮಿ.ಮೀ. ಕನಿಷ್ಠ, ಫ್ರೇಮಿನಲ್ಲಿ ಜಾಗವಿದ್ದರೆ 32 ಹಾಕಿ. 28ಕ್ಕೆ, 70 ಕೆ.ಜಿ. ಆಸುಪಾಸಿನ ಸವಾರರು ಹಿಂದೆ 70, ಮುಂದೆ 65 ಪಿಎಸ್‌ಐನಿಂದ ಆರಂಭಿಸಿ ನೋಡಲಿ. ಕಲ್ಲಿನಂತೆ ಗಟ್ಟಿಯಾದ ಟೈರ್ ಗುಂಡಿಗಳಲ್ಲಿ ಪುಟಿಯುತ್ತದೆ, ಪುಟಿದಾಗ ಬ್ರೇಕಿಗೆ ಹಿಡಿತ ಸಿಗುವುದಿಲ್ಲ. ಎರಡು ಟ್ಯೂಬ್, ಪಂಪು, ಟೈರ್ ಲಿವರ್, ಪಂಕ್ಚರ್ ಪಟ್ಟಿ, ತುಂಡಾದ ಚೈನ್ ಜೋಡಿಸಲು ಅದಕ್ಕೆ ಹೊಂದುವ ಕ್ವಿಕ್ ಲಿಂಕ್, ಒಂದು ಡಿರೇಲರ್ ಹ್ಯಾಂಗರ್ ಇರಲಿ. 11 ಸ್ಪೀಡಿನ (ಹಿಂದೆ 11 ಹಲ್ಲುಚಕ್ರಗಳ) ಚೈನಿನ ಲಿಂಕ್ 12ರದ್ದಕ್ಕೆ ಕೂರುವುದಿಲ್ಲ.

ಪ್ರಶ್ನೆ: ಇಳಿಯುವಾಗ ಬೆರಳು ಮರಗಟ್ಟಿ ಬ್ರೇಕ್ ಒತ್ತಲಾಗುವುದಿಲ್ಲ.

ಉತ್ತರ: ಸಾವಿರ ಮೀಟರಿಗೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ; ಅದರ ಮೇಲೆ ಬೆವರಿದ ಬಟ್ಟೆ, ಎದುರು ಗಾಳಿ. ಏರು ಮುಗಿದ ಕೂಡಲೇ, ಚಳಿ ಅನ್ನಿಸುವ ಮೊದಲೇ, ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಹಾಕಿ. ಬೆರಳು ಮರಗಟ್ಟಿದ್ದರೆ ನಿಂತು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡೇ ಹೊರಡಿ.

ಪ್ರಶ್ನೆ: ದಾರಿಯಲ್ಲಿ ಒಂದು ಸುರಂಗವಿದೆ. ಒಳಗೆ ಹೋಗಬಹುದೇ?

ಉತ್ತರ: ಮೊದಲು ಸುರಂಗದ ಬಾಯಿಯ ಫಲಕ ನೋಡಿ, ಎಷ್ಟೋ ಸುರಂಗಗಳಲ್ಲಿ ಸೈಕಲ್ ನಿಷಿದ್ಧ. ಸುರಂಗ ಆಮೇಲೆ ಕೊರೆದದ್ದಾದರೆ ಬಂಡೆಯ ಹೊರಮೈ ಸುತ್ತಿ ಹೋಗುತ್ತಿದ್ದ ಹಳೇ ರಸ್ತೆ ನಕ್ಷೆಯಲ್ಲಿ ಸಣ್ಣ ಗೆರೆಯಾಗಿ ಉಳಿದಿರುತ್ತದೆ. ಅದು ಸೈಕಲಿಗೆ ತೆರೆದಿದ್ದರೆ ಅದೇ ದಾರಿ. ಗೇಟು ಹಾಕಿ ಮುಚ್ಚಿದ್ದರೆ ಕಲ್ಲು ಉರುಳುತ್ತದೆಂಬ ಕಾರಣಕ್ಕೇ ಮುಚ್ಚಿರಬಹುದು, ದಾಟಿ ನುಗ್ಗಬೇಡಿ. ಒಳಗೇ ಹೋಗಬೇಕಾಗಿ ಬಂದರೆ ಕಪ್ಪು ಕನ್ನಡಕವನ್ನು ಸುರಂಗದ ಬಾಯಲ್ಲೇ ತೆಗೆಯಿರಿ, ಮುಂದಿನ ದೀಪ ಉರಿಸಿ, ಹಿಂದೆ ಎರಡು ಕೆಂಪು ದೀಪವಿದ್ದರೆ ಒಂದನ್ನು ಮಿನುಗದಂತೆ ಇಡಿ. ಮಿನುಗುವ ದೀಪ ಒಂದೇ ಇದ್ದರೆ ಕತ್ತಲಲ್ಲಿ ಹಿಂದಿನ ಚಾಲಕನಿಗೆ ದೂರ ಅಳೆಯಲಾಗುವುದಿಲ್ಲ. ಗೋಡೆಯಿಂದ ಒಂದು ಮೀಟರ್ ಬಿಟ್ಟು ತುಳಿಯಿರಿ. ಅಂಚಿನಲ್ಲಿ ತೊಟ್ಟಿಕ್ಕಿದ ನೀರಿನ ಪಾಚಿಯೂ ಚರಂಡಿಯ ಜಾಲರಿಯೂ ಇರುತ್ತವೆ. ಮೇಲ್ಮುಖವಾಗಿ ಏರುವ ಉದ್ದದ ಸುರಂಗವಾದರೆ ಹಿಂದಿನಿಂದ ವಾಹನಗಳು ಬರದ ಹೊತ್ತು ನೋಡಿಕೊಂಡು ಒಳಹೊಗಿ. ಏಳೆಂಟು ಕಿ.ಮೀ. ವೇಗದಲ್ಲಿ ಒಂದು ಕಿ.ಮೀ. ದಾಟಲು ಎಂಟು ನಿಮಿಷ ಬೇಕು.